ಒಲೆಯ ಹೊಗೆ, ಚಳಿಗಾಲದ ಮಬ್ಬು

ಚಳಿಗಾಲದ ಮುಸ್ಸಂಜೆ ಗದಗ ಜಿಲ್ಲೆ ರೋಣ ತಾಲ್ಲೂಕಿನ ಯಾವಗಲ್ ಹಾಗೂ ಅದರಂತಹ ಎರೆಸೀಮೆಯ ಊರುಗಳ ಮೇಲೆ ತೆಳ್ಳಗೆ ಮಬ್ಬು ಕವಿಯುತ್ತದೆ. ಅದನ್ನು ಮಂಜು ಎನ್ನುವುದು ರೂಢಿ. ಆದರೆ ಬರಿಯ ಮಂಜು ಕಣ್ಣು ಉರಿಸುವುದಿಲ್ಲ, ಗಂಟಲು ಕೆರೆಯುವುದಿಲ್ಲ. ಆ ಮಬ್ಬಿನಲ್ಲಿ ಒಲೆಯ ಹೊಗೆಯೂ ಬೆರೆತಿರುತ್ತದೆ.

ಈ ಕಪ್ಪುನೆಲದ ಬಯಲಿನಲ್ಲಿ ಮರಗಳು ವಿರಳ. ಹತ್ತಿ ಬಿಡಿಸಿದ ಮೇಲೆ ಉಳಿಯುವ ಹತ್ತಿಕಟ್ಟಿಗೆ, ಜಾಲಿಯ ಕಂಟಿ, ಸಗಣಿಯ ಕುಳ್ಳು ಇವೇ ಇಲ್ಲಿನ ಉರುವಲು. ಬೆಳಿಗ್ಗೆ ಹಂಡೆಯ ನೀರು ಕಾಯಬೇಕು, ಸಂಜೆ ರೊಟ್ಟಿ ಬೇಯಬೇಕು. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಹೊಗೆ ಹೊರಹೋಗಲು ನೆತ್ತಿಯ ಬೆಳಕಿಂಡಿಯೇ ದಾರಿ. ಅದಕ್ಕೂ ಮೊದಲು ಹೊಗೆ ಸೇರುವುದು ಒಲೆ ಊದುವವಳ ಎದೆಯನ್ನು.

ಹೊಗೆ ಕಣವಾಗುವ ಬಗೆ

ಕಟ್ಟಿಗೆ ಕಾದಾಗ ಅದರೊಳಗಿನ ನಾರು ಒಡೆದು ಹಲವು ಬಗೆಯ ಆವಿಗಳಾಗುತ್ತದೆ. ಉರಿ ಚೆನ್ನಾಗಿದ್ದರೆ ಅವುಗಳಲ್ಲಿ ಹೆಚ್ಚಿನವು ಸುಟ್ಟುಹೋಗುತ್ತವೆ. ಹಸಿ ಕಟ್ಟಿಗೆಯಿದ್ದರೆ ಅಥವಾ ಗಾಳಿ ಸಾಲದಿದ್ದರೆ ಅರೆಬೆಂದ ಆವಿ ಮೇಲೇರಿ, ತಣಿದು, ಸೂಕ್ಷ್ಮ ಕಣಗಳಾಗುತ್ತದೆ. ಇವೇ ಸಾವಯವ ಕಣಗಳು. ಇವುಗಳಲ್ಲಿ ಬಹಳಷ್ಟು ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಚಿಕ್ಕವು. ಹಾಗಾಗಿ ಅವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ನಾರಿನಿಂದ ಹುಟ್ಟುವ ಲೆವೊಗ್ಲುಕೋಸಾನ್ ಎಂಬ ಸಕ್ಕರೆ ಜಾತಿಯ ವಸ್ತು ಗಾಳಿಯಲ್ಲಿ ಸಿಕ್ಕರೆ, ಎಲ್ಲೋ ಕಟ್ಟಿಗೆ ಅಥವಾ ಕಸಕಡ್ಡಿ ಉರಿದಿದೆ ಎಂದು ವಿಜ್ಞಾನಿಗಳು ಗುರುತಿಸುತ್ತಾರೆ.

ಚಳಿಗಾಲ ಇದಕ್ಕೆ ಅನುಕೂಲ. ನಿರ್ಮಲ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ. ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕೂರುತ್ತದೆ. ಹೊಗೆ ಮೇಲೇರಲಾರದೆ ಊರ ಮೇಲೆಯೇ ನಿಲ್ಲುತ್ತದೆ.

ಸೌದೆ ಉಳಿಸಲು ಹುಟ್ಟಿದ ಒಲೆ

ಒಲೆಯನ್ನು ವಿಜ್ಞಾನದ ಕಣ್ಣಿನಿಂದ ನೋಡಿದ ಕೀರ್ತಿಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಆರಂಭವಾಯಿತು. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತನೇ ಒಂದು ಪಾಲು ಮಾತ್ರ ಪಾತ್ರೆಗೆ ತಲುಪುತ್ತಿತ್ತು. ಕೇಂದ್ರದವರು ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಉರಿಗೆ ಗಾಳಿ ಒದಗಿಸುವ ಜಾಲರಿಯೂ ಹೊಗೆ ಹೊರಹೋಗಲು ಕೊಳವೆಯೂ ಇದ್ದವು. 1980ರ ದಶಕದಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಯೋಜನೆಯೂ ಬಂತು. 2002ರಲ್ಲಿ ಅದು ನಿಂತಿತು.

ಆ ಕಾಲದ ಮುಖ್ಯ ಚಿಂತೆ ಸೌದೆಯ ಕೊರತೆ. ಊರಿನ ಗಾಳಿ ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ. ಕೊಳವೆಯಿಂದ ಅಡುಗೆಮನೆಗೆ ಉಪಕಾರವಾಯಿತು ನಿಜ. ಆದರೆ ಸುಡದೆ ಉಳಿದ ಹೊಗೆ ಇಲ್ಲವಾಗಲಿಲ್ಲ, ಓಣಿಗೆ ಬಂತು. ಚಳಿಯ ಸಂಜೆಯಲ್ಲಿ ಓಣಿಯ ಹೊಗೆ ಮತ್ತೆ ಮನೆಗಳಿಗೇ ನುಗ್ಗುತ್ತದೆ.

ಸಿಂಹಗಡದ ಸಾಕ್ಷ್ಯ

ಈ ಹೊಗೆ ಒಂದು ಊರಿನ ಸಂಗತಿಯಲ್ಲ ಎಂಬುದು ಮುಂದೆ ಗೊತ್ತಾಯಿತು. 1999ರಲ್ಲಿ ನಡೆದ ಅಂತರರಾಷ್ಟ್ರೀಯ ಸಂಶೋಧನೆಯೊಂದು ಚಳಿಗಾಲದಲ್ಲಿ ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೂ ಕಂದು ಬಣ್ಣದ ಮಬ್ಬು ಹರಡಿರುವುದನ್ನು ದಾಖಲಿಸಿತು. ಅದು ವಾಹನಗಳದೋ, ಒಲೆಗಳದೋ ಎಂಬ ಪ್ರಶ್ನೆ ಎದ್ದಿತು. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಓರ್ಯನ್ ಗುಸ್ತಾಫ್ಸನ್ ಮತ್ತು ಸಂಗಡಿಗರು 2006ರಲ್ಲಿ ಪುಣೆ ಬಳಿಯ ಸಿಂಹಗಡ ಹಾಗೂ ಮಾಲ್ಡೀವ್ಸ್ ದ್ವೀಪದಲ್ಲಿ ಹಿಡಿದ ಕಣಗಳನ್ನು ಪರೀಕ್ಷಿಸಿದರು. ಇತ್ತೀಚೆಗೆ ಬೆಳೆದ ಗಿಡದ ಹೊಗೆಯಲ್ಲಿ ಕಾರ್ಬನ್-14 ಇರುತ್ತದೆ. ಕೋಟ್ಯಂತರ ವರ್ಷ ಹಳೆಯದಾದ ಕಲ್ಲಿದ್ದಲು, ಪೆಟ್ರೋಲಿಯಂಗಳಲ್ಲಿ ಅದು ಉಳಿದಿರುವುದಿಲ್ಲ. ಇಂಗಾಲದ ಕಣಗಳಲ್ಲಿ ಅರ್ಧದಿಂದ ಮೂರನೇ ಎರಡು ಪಾಲು ಕಟ್ಟಿಗೆ, ಸಗಣಿ, ಪೈರಿನ ಉಳಿಕೆಗಳಂತಹ ಜೈವಿಕ ವಸ್ತುಗಳನ್ನು ಸುಟ್ಟದ್ದರಿಂದ ಬಂದವು ಎಂದು ಅವರು 2009ರಲ್ಲಿ ಪ್ರಕಟಿಸಿದರು.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಬಡವರ ಮನೆಗೂ ಗ್ಯಾಸ್ ತಂದಿತು. ಆದರೆ ಸಿಲಿಂಡರ್ ತುಂಬಿಸಲು ಕಾಸು ಬೇಕು, ಹೊಲದ ಹತ್ತಿಕಟ್ಟಿಗೆಗೆ ಬೇಡ. ಗ್ಯಾಸ್ ಇರುವ ಮನೆಯಲ್ಲೂ ಹಂಡೆಯ ಒಲೆ ಉರಿಯುವುದುಂಟು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡವಿದೆ, ಆದರೆ ಆ ಪಟ್ಟಿ ನಗರಗಳದ್ದು. ಗಾಳಿಗೆ ಊರಿನ ಗಡಿಯಿಲ್ಲ. ನಗರದ ಗಾಳಿ ತಿಳಿಯಾಗಬೇಕಾದರೆ ಹಳ್ಳಿಯ ಒಲೆಯೂ ಲೆಕ್ಕಕ್ಕೆ ಬರಬೇಕು. ಅದರ ಮುಂದೆ ಕುಳಿತವಳ ಉಸಿರು ಎಲ್ಲಕ್ಕಿಂತ ಮೊದಲು ಬರಬೇಕು.