ಕಿರುಚುವ ಬ್ರೇಕಿನ ಚರಿತ್ರೆ

ಹೋದ ಬೇಸಿಗೆಯಲ್ಲಿ ನನ್ನ ಕಾರು ಬರುವುದು ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಎಲ್ಲರಿಗೂ ಮೊದಲೇ ಗೊತ್ತಾಗುತ್ತಿತ್ತು. ಹಾರ್ನ್ ಒತ್ತುವ ಅಗತ್ಯವೇ ಇರಲಿಲ್ಲ. ಹಂಪ್ ಬಂತು, ಬ್ರೇಕ್ ಮೇಲೆ ಕಾಲಿಟ್ಟೆ, ಕೀಂಂಂಚ್! ರಸ್ತೆ ಪಕ್ಕ ಮಲಗಿದ್ದ ನಾಯಿಗಳು ಎದ್ದು ನಿಲ್ಲುತ್ತಿದ್ದವು. ತೆಕ್ಕಲಕೋಟೆಯಲ್ಲಿ ಟೀ ಅಂಗಡಿಯವನು "ಏನ್ರೀ ಸಾರ್, ಗಾಡಿ ಅಳ್ತೈತಲ್ಲ" ಅಂದ. ನನಗೂ ಅಳು ಬರುವಂತಿತ್ತು.

ಕಾರು ಅಪ್ಪನ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಅನ್ನುವ ಹೆಸರಿನಲ್ಲಿ 1959ರಲ್ಲಿ ಬಂದ ಈ ಕಾರಿನ ಅಂದಚೆಂದ ಇಟಲಿಯ ಜೊವಾನಿ ಮಿಕೆಲೋಟಿಯ ಕೈಚಳಕ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಇದನ್ನು ಇಲ್ಲೇ ತಯಾರಿಸತೊಡಗಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಅದಾದ ಮೇಲೂ ನಮ್ಮ ಕಡೆಯವರಿಗೆ ದೊಡ್ಡ ಪಟ್ಟಣ ಅಂದರೆ ಮದ್ರಾಸೇ. ಅಪ್ಪ ಕಾರು ತಂದದ್ದೂ ಅಲ್ಲಿಂದಲೇ.

ಇದೇ ಹೆರಾಲ್ಡಿನ ಅಡಿಪಾಯದ ಮೇಲೆ ಟ್ರಯಂಫ್‌ನವರು 1962ರಲ್ಲಿ ಸ್ಪಿಟ್‌ಫೈರ್ ಅನ್ನುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದರು. ಅದರ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್. ನಮ್ಮ ಹೆರಾಲ್ಡಿಗೆ ನಾಲ್ಕೂ ಕಡೆ ಡ್ರಮ್. ಎರಡೂ ಕಾರುಗಳ ಮುಂದಿನ ಸಸ್ಪೆನ್ಷನ್ ಅಣ್ಣತಮ್ಮಂದಿರಂತೆ, ಹಾಗಾಗಿ ಅದರದ್ದು ಇದಕ್ಕೆ ಕೂರುತ್ತದೆ. ಇಂಗ್ಲೆಂಡಿನಲ್ಲಿರುವ ಅತ್ತೆಯ ಮಗ ಊರಿಗೆ ಬರುವಾಗ ಸ್ಪಿಟ್‌ಫೈರ್‌ನ ಡಿಸ್ಕು, ಕ್ಯಾಲಿಪರ್, ಪ್ಯಾಡು ಎಲ್ಲ ಸೂಟ್‌ಕೇಸಿನಲ್ಲಿ ತಂದುಕೊಟ್ಟ. ಖುಷಿಯಿಂದ ನಾನೇ ಕೂತು ಹಾಕಿದೆ. ಬ್ರೇಕ್ ಗಟ್ಟಿಯಾಗಿ ಹಿಡಿಯಿತು, ಜೊತೆಗೆ ಈ ಕಿರುಚಾಟ.

ಕೌಲ್ ಬಜಾರಿನ ಹತ್ತಿರ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ. ಅಪ್ಪನ ಕಾಲದಿಂದಲೂ ನಮ್ಮ ಕಾರಿಗೆ ಅವರೇ ಡಾಕ್ಟರು. ನಾವೆಲ್ಲ ಚಾಚಾ ಅಂತಲೇ ಕರೆಯುವುದು. ಚಾಚಾ ಒಂದು ಸುತ್ತು ಓಡಿಸಿ ಬಂದು ನಕ್ಕರು. "ಈಗಿನ ಪ್ಯಾಡ್ ಎಲ್ಲಾ ಹಿಂಗೇ ಬೇಟಾ. ನನ್ನತ್ರ ಹಳೇ ಸ್ಟಾಕಿಂದು ಲೈನಿಂಗ್ ಐತೆ, ಕಲ್ನಾರಿಂದು. ಪ್ಯಾಡಿನ ತಗಡಿಗೆ ಅದನ್ನ ಅಂಟಿಸಿ ಕೊಡ್ತೀನಿ. ಬೆಣ್ಣೆ ಹಂಗೆ ನಿಲ್ತದೆ, ಚಿಟಿಕ್ ಅನ್ನಲ್ಲ."

ಕಲ್ನಾರು ಅಂದರೆ ಆಸ್ಬೆಸ್ಟಾಸ್. ನಾಳೆ ಹೇಳ್ತೀನಿ ಚಾಚಾ ಅಂತ ಹೇಳಿ ಮನೆಗೆ ಬಂದೆ. ಆ ರಾತ್ರಿ ಓದಲು ಕೂತವನಿಗೆ ಗೊತ್ತಾದದ್ದೇನೆಂದರೆ, ಬ್ರೇಕಿನ ಕಿರುಚಾಟಕ್ಕೆ ಡಿಸ್ಕ್ ಬ್ರೇಕಿನಷ್ಟೇ ವಯಸ್ಸು!

ಕಥೆ ಶುರುವಾಗುವುದು ಗಾಡಿ ಹೊಡೆಯುವವರಿಂದ. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡು. ಅಲ್ಲಿನ ಕುದುರೆಗಾಡಿಯವರು ಇಳಿಜಾರಿನಲ್ಲಿ ಗಾಲಿ ತಡೆಯುವ ಮರದ ಬ್ರೇಕಿಗೆ ಹಳೇ ಬೂಟಿನ ಚರ್ಮ ಹೊಡೆಯುತ್ತಿದ್ದರಂತೆ. ಅದನ್ನು ನೋಡಿದ ಹರ್ಬರ್ಟ್ ಫ್ರೂಡ್ ಅನ್ನುವವನಿಗೆ ಇದಕ್ಕಿಂತ ಒಳ್ಳೆಯದನ್ನು ಮಾಡಬಹುದಲ್ಲ ಅನ್ನಿಸಿ 1897ರಲ್ಲಿ ಬ್ರೇಕ್ ಲೈನಿಂಗ್ ಮಾಡತೊಡಗಿದ. ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ, ಹೆಂಡತಿ ಎಲಿಜಬೆತ್‌ಳ ಮೊದಲ ಅಕ್ಷರ ಸೇರಿಸಿದ. ಹಾಗೆ ಹುಟ್ಟಿದ್ದೇ ಫೆರೋಡೋ. ಅವನ ಮೊದಮೊದಲ ಲೈನಿಂಗುಗಳಲ್ಲಿ ಇದ್ದದ್ದು ನಮ್ಮ ಬಳ್ಳಾರಿ ಸೀಮೆಯವರಿಗೆ ಚೆನ್ನಾಗಿ ಗೊತ್ತಿರುವ ಹತ್ತಿ. ಆದರೆ ಬಿಸಿ ಏರಿದರೆ ಹತ್ತಿ ಸುಟ್ಟುಹೋಗುತ್ತದೆ.

ಅತ್ತ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಅವನ ಪ್ಯಾಡುಗಳು ತಾಮ್ರದವು. ಲೋಹದ ಮೇಲೆ ಲೋಹ ಉಜ್ಜಿದರೆ ಏನಾಗುತ್ತದೆ ಹೇಳಿ? ಆ ಕಿರುಚಾಟ ತಡೆಯಲಾರದಷ್ಟಿತ್ತಂತೆ. ಕೊನೆಗೆ 1907ರ ಸುಮಾರಿಗೆ ದಾರಿ ತೋರಿಸಿದವನು ಇದೇ ಫ್ರೂಡ್. ಲೈನಿಂಗಿಗೆ ಕಲ್ನಾರು ಹಾಕಿದ. ಬಿಸಿಗೆ ಸುಡುವುದಿಲ್ಲ, ಬೇಗ ಸವೆಯುವುದಿಲ್ಲ, ಸದ್ದೂ ಕಡಿಮೆ. ಜಗತ್ತಿನ ಬ್ರೇಕುಗಳು ಬಾಯಿ ಮುಚ್ಚಿದವು.

ಆಮೇಲೆ ಡಿಸ್ಕ್ ಬ್ರೇಕಿನ ದಿಗ್ವಿಜಯ. 1953ರ ಲ ಮಾನ್ಸ್ ಓಟದಲ್ಲಿ ಜಾಗ್ವಾರ್ ಸಿ-ಟೈಪ್ ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಗೆದ್ದಿತು. 24 ಗಂಟೆ ಓಡಿದ ಕಾರಿನ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿತ್ತು. 1956ರಲ್ಲಿ ಟ್ರಯಂಫ್ ಟಿಆರ್3, ನಂತರ ಸ್ಪಿಟ್‌ಫೈರ್, ಹಾಗೇ ಊರೂರಿಗೆ.

ಆದರೆ ಆ ಮೌನಕ್ಕೆ ಬೇರೆ ಯಾರೋ ಬೆಲೆ ತೆರುತ್ತಿದ್ದರು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಷಾ ಅನ್ನುವ ಹೆಣ್ಣುಮಗಳು 1924ರಲ್ಲಿ 33ನೇ ವಯಸ್ಸಿಗೇ ತೀರಿಕೊಂಡಳು. ಅವಳ ಶ್ವಾಸಕೋಶದಲ್ಲಿ ಕಲ್ನಾರಿನ ಕಣಗಳು ಸಿಕ್ಕವು, ಡಾಕ್ಟರು ಅದನ್ನು ವೈದ್ಯಪತ್ರಿಕೆಯಲ್ಲಿ ಬರೆದರು. 1931ರಲ್ಲಿ ಬ್ರಿಟನ್ ಕಾರ್ಖಾನೆಗಳಿಗೆ ದೂಳಿನ ನಿಯಮ ತಂದಿತು, ಪೂರ್ತಿ ನಿಷೇಧಿಸಿದ್ದು ಮಾತ್ರ 1999ರಲ್ಲಿ. ಗೊತ್ತಾದದ್ದಕ್ಕೂ ಬಿಟ್ಟದ್ದಕ್ಕೂ ನಡುವೆ ಎಪ್ಪತ್ತೈದು ವರ್ಷ! ನಮ್ಮಲ್ಲಿ ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ಕೊಟ್ಟ ತೀರ್ಪಿನಲ್ಲಿ, ಕಲ್ನಾರು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕು ಅಂತ ಹೇಳಿತು. ಯಾಕೆ 40? ಈ ದೂಳು ಒಳಗೆ ಹೋಗಿ ಕೂತು ದಶಕಗಳ ಮೇಲೆ ಕಾಯಿಲೆಯಾಗಿ ಹೊರಬೀಳುತ್ತದೆ, ಅದಕ್ಕೆ.

ಕಾರ್ಖಾನೆಯವರಿಗಾದರೂ ದಾಖಲೆ ಇದೆ. ಬೇವಿನ ಮರದ ಕೆಳಗಿನ ಗ್ಯಾರೇಜಿನವರಿಗೆ?

ಚಾಚಾ ಬ್ರೇಕ್ ಡ್ರಮ್ ಬಿಚ್ಚಿದ ಕೂಡಲೇ ಉಫ್ ಅಂತ ಊದಿ ಕಪ್ಪು ದೂಳು ಹಾರಿಸುವುದು ನನಗೆ ಚಿಕ್ಕಂದಿನಿಂದ ನೆನಪಿದೆ. ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆ. ನಂತರ ಕಂಪ್ರೆಸರ್ ಬಂತು, ದೂಳು ಇನ್ನೂ ದೂರ ಹಾರಿತು. ಚಾಚಾನ ಕೆಮ್ಮಿಗೆ ಬೀಡಿ ಕಾರಣವೋ, ಬಳ್ಳಾರಿಯ ಅದಿರಿನ ಕೆಂಪು ದೂಳು ಕಾರಣವೋ, ನಾನು ಹೇಳಲಾರೆ. ಆದರೆ ಆ ರಾತ್ರಿ ಒಂದು ತೀರ್ಮಾನಕ್ಕೆ ಬಂದೆ. ನನ್ನ ಕಾರು ಸುಮ್ಮನಿರಲಿ ಅಂತ ಅವರ ಕೈಯಿಂದ ಕಲ್ನಾರು ಉಜ್ಜಿಸುವುದಿಲ್ಲ.

ಬೆಳಿಗ್ಗೆ ಹೋಗಿ ಹೇಳಿದಾಗ ಚಾಚಾ ಮೊದಲು ಸಿಟ್ಟಾದರು. "ನಲವತ್ತು ವರ್ಷ ಮಾಡೀನಿ, ಏನಾಗೈತೆ ನನಗೆ?" ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಜಾಕ್ ತಂದರು.

ಕಿರುಚಾಟ ಅಂದರೆ ನಡುಕ. ಪಿಟೀಲಿನ ತಂತಿಯನ್ನು ಕಮಾನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನುಡಿಸುವ ಹಾಗೆ ಪ್ಯಾಡು ಡಿಸ್ಕನ್ನು ಹಿಡಿದು ಬಿಡುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಆ ನಡುಕವನ್ನು ಕೊಂದರೆ ಸದ್ದು ಸಾಯುತ್ತದೆ. ಡಿಸ್ಕ್ ಓಲಾಡುತ್ತಿದೆಯೇ ನೋಡಿದೆವು, ಇಲ್ಲ. ಬೇರಿಂಗ್ ಸಡಿಲವೇ, ಇಲ್ಲ. ಕ್ಯಾಲಿಪರ್ ಬಂದಿದ್ದ ಡಬ್ಬ ತಿರುವಿ ಹಾಕಿದ ಚಾಚಾ ನಾಲ್ಕು ತೆಳು ತಗಡು ಎತ್ತಿ ಹಿಡಿದು "ಇದೇನು?" ಅಂದರು. ಪ್ಯಾಕಿಂಗಿನ ತಗಡು ಅಂತ ನಾನು ಬಿಟ್ಟುಬಿಟ್ಟಿದ್ದೆ! ಪ್ಯಾಡಿನ ಬೆನ್ನಿಗೂ ಪಿಸ್ಟನ್ನಿಗೂ ನಡುವೆ ಕೂರಬೇಕಾದ, ಸದ್ದು ತಡೆಯುವ ತಗಡುಗಳೇ ಅವು. ಅವುಗಳ ಮೇಲೆ ಬಾಣದ ಗುರುತು ಬೇರೆ ಇತ್ತು, ಕಾರು ಮುಂದೆ ಹೋಗುವಾಗ ಡಿಸ್ಕ್ ತಿರುಗುವ ದಿಕ್ಕಿಗೆ ಬಾಣ ಇರಬೇಕು.

ತಗಡು ಕೂರಿಸಿದೆವು. ಪ್ಯಾಡಿನ ಅಂಚನ್ನು ಅರದಿಂದ ಸ್ವಲ್ಪ ಓರೆ ಮಾಡಿದೆವು. ಬೆನ್ನಿಗೆ ಮಾತ್ರ ಬ್ರೇಕ್ ಗ್ರೀಸ್ ಸವರಿದೆವು, ಉಜ್ಜುವ ಮುಖಕ್ಕೆ ಒಂದು ಹನಿಯೂ ತಾಗದ ಹಾಗೆ. ಹಿಂದಿನ ಹಳೇ ಡ್ರಮ್ ಬಿಚ್ಚಿದಾಗ ಚಾಚಾ ಅಭ್ಯಾಸಬಲದಿಂದ ಬಾಯಿ ಹತ್ತಿರ ತಂದವರು ನನ್ನ ಮುಖ ನೋಡಿದರು. ಆಮೇಲೆ ಗೊಣಗುತ್ತಲೇ ಒದ್ದೆ ಬಟ್ಟೆ ತಗೊಂಡು ಒರೆಸಿದರು.

ಹೊಸ ಪ್ಯಾಡು ಹೊಂದಿಕೊಳ್ಳಲಿ ಅಂತ ಇಬ್ಬರೂ ಕುರುಗೋಡಿನ ಕಡೆ ಹೊರಟೆವು. ದಾರಿಯುದ್ದಕ್ಕೂ ಹದವಾಗಿ ಬ್ರೇಕ್ ಒತ್ತುವುದು, ಬಿಡುವುದು, ಡಿಸ್ಕ್ ಆರಲು ಬಿಡುವುದು. ಸದ್ದಿಲ್ಲ. ದೊಡ್ಡಬಸವೇಶ್ವರನ ಗುಡಿಯ ಮುಂದೆ ಕಾರು ನಿಲ್ಲಿಸಿದಾಗ ನನಗೆ ತೇರು ನೆನಪಾಯಿತು. ಅಷ್ಟು ದೊಡ್ಡ ತೇರಿಗೆ ಬ್ರೇಕ್ ಏನು? ಗಾಲಿಗೆ ಅಡ್ಡ ಕೊಡುವ ಒಂದು ಮರದ ತುಂಡು, ಅದನ್ನು ಹಿಡಿದು ಗಾಲಿಯ ಪಕ್ಕದಲ್ಲೇ ಓಡುವ ಮನುಷ್ಯ. ನಾವೆಲ್ಲ ಮೇಲೆ ಕಳಸ ನೋಡಿ ಕೈ ಮುಗಿಯುತ್ತೇವೆ. ಅವನನ್ನು ನೋಡುವವರು ಕಡಿಮೆ.

ಈಗಲೂ ಬೆಳಿಗ್ಗೆ ಮೊದಲ ಎರಡು ಬ್ರೇಕಿಗೆ ಸಣ್ಣಗೆ ಕುಂಯ್ ಅನ್ನುತ್ತದೆ. ಅನ್ನಲಿ ಬಿಡಿ.