ಅಂಗೈ ಗಣಕದ ನೆರವಿನಿಂದ ಕೈಚಾಲಿತ ದೂರದರ್ಶಕದಲ್ಲಿ ಆಕಾಶಕಾಯಗಳನ್ನು ಗುರುತಿಸುವ ವಿಧಾನ – ರಿಚರ್ಡ್ಸ್ ಟೌನ್ ಮತ್ತು ಸುತ್ತಲಿನ ಬಡಾವಣೆಗಳ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಮೋಟಾರು ಇಲ್ಲದೆ ಕೈಯಿಂದಲೇ ತಿರುಗಿಸಿ ಬಳಸುವ ದೂರದರ್ಶಕವನ್ನು ಕೊಂಡ ಹಲವರು ಚಂದ್ರ, ಗುರು, ಶನಿ ಇವುಗಳನ್ನು ನೋಡಿದ ಬಳಿಕ ಅದನ್ನು ಮೂಲೆಗಿಡುವುದು ಸಾಮಾನ್ಯವಾಗಿದೆ. ಇದಕ್ಕೆ ಉಪಕರಣದ ದೋಷ ಕಾರಣವಲ್ಲ. ಮಸುಕಾದ ಕಾಯಗಳನ್ನು ಹುಡುಕುವ ಸಾಂಪ್ರದಾಯಿಕ ಕ್ರಮದಲ್ಲಿ ಒಂದು ನಕ್ಷತ್ರದಿಂದ ಮತ್ತೊಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಸಾಗಬೇಕಾಗುತ್ತದೆ. ರಿಚರ್ಡ್ಸ್ ಟೌನ್, ಫ್ರೇಜರ್ ಟೌನ್, ಕುಕ್ ಟೌನ್, ಕಾಕ್ಸ್ ಟೌನ್, ಲಿಂಗರಾಜಪುರ ಮೊದಲಾದ ಬಡಾವಣೆಗಳಲ್ಲಿ ಬೀದಿದೀಪ ಮತ್ತು ಕಟ್ಟಡಗಳ ಬೆಳಕಿನಿಂದಾಗಿ ಪ್ರಕಾಶಮಾನವಾದ ನಕ್ಷತ್ರಗಳು ಮಾತ್ರ ಬರಿಗಣ್ಣಿಗೆ ಕಾಣುವುದರಿಂದ, ನಡುವಿನ ಮೆಟ್ಟಿಲುಗಳೇ ಇಲ್ಲದಂತಾಗುತ್ತವೆ.

ಇಂತಹ ಸ್ಥಳಗಳಲ್ಲಿ ಕಣ್ಣು ಮಾಡಲಾಗದ ಕೆಲಸವನ್ನು ಲೆಕ್ಕಾಚಾರದಿಂದ ಮಾಡಬಹುದಾಗಿದೆ. ಆ ಲೆಕ್ಕಾಚಾರವನ್ನು ಅಂಗೈಯಲ್ಲಿ ಹಿಡಿಯುವ ಗಣಕ, ಅಂದರೆ ಇಂದಿನ ಮೊಬೈಲ್ ದೂರವಾಣಿ, ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಆದರೆ ಗಣಕವು ನೀಡುವ ಉತ್ತರವು ವೀಕ್ಷಕರು ಅದಕ್ಕೆ ಒದಗಿಸುವ ಮಾಹಿತಿಯಷ್ಟೇ ನಿಖರವಾಗಿರುತ್ತದೆ. ಆದ್ದರಿಂದ ಈ ವಿಧಾನವನ್ನು ಅನುಸರಿಸಲು ಬೇಕಾದ ಮುಖ್ಯ ಅರ್ಹತೆಯೆಂದರೆ, ಆಕಾಶದಲ್ಲಿ ಕನಿಷ್ಠ ಎರಡು ನಕ್ಷತ್ರಗಳನ್ನು ತಪ್ಪಿಲ್ಲದೆ ಗುರುತಿಸಬಲ್ಲ ಪರಿಚಯ.

2. ಹಿನ್ನೆಲೆ

1996ರಲ್ಲಿ ಮಾರುಕಟ್ಟೆಗೆ ಬಂದ ಪಾಮ್ ಪೈಲಟ್ ಮತ್ತು ನಂತರದ ಪಾಕೆಟ್ ಪಿಸಿಗಳಲ್ಲಿ ನಕ್ಷತ್ರಪಟ ತೋರಿಸುವ ತಂತ್ರಾಂಶಗಳು ಲಭ್ಯವಿದ್ದವು. ಹವ್ಯಾಸಿ ವೀಕ್ಷಕರು ದೂರದರ್ಶಕದ ಎರಡು ಅಕ್ಷಗಳಿಗೆ ತಿರುವು ಅಳೆಯುವ ಎನ್‌ಕೋಡರುಗಳನ್ನು ಅಳವಡಿಸಿ, ಕೇಬಲ್ ಮೂಲಕ ಈ ಗಣಕಗಳಿಗೆ ಜೋಡಿಸುತ್ತಿದ್ದರು. ಪೀಠವು ಸಮತಟ್ಟಾಗಿರದಿದ್ದರೂ ಎರಡು ನಕ್ಷತ್ರಗಳ ಆಧಾರದಿಂದ ದಿಕ್ಕನ್ನು ನಿರ್ಣಯಿಸುವ ಗಣಿತಕ್ರಮವನ್ನು ಜಪಾನಿನ ತೋಷಿಮಿ ತಾಕಿ ಅವರು 1989ರಲ್ಲಿ ವಿವರಿಸಿದ್ದರು.

ಬೆಂಗಳೂರಿಗೂ ಅಂಗೈ ಗಣಕಕ್ಕೂ ನೇರ ಸಂಬಂಧವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ನಗರದ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ರಚಿಸಿದರು. ಇದರ ಫಲವಾಗಿ ರೂಪುಗೊಂಡ ಅಮಿದಾ ಸಿಂಪ್ಯೂಟರ್ 2004ರಲ್ಲಿ ಬಿಡುಗಡೆಯಾಯಿತು. ಅದನ್ನು ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ತಯಾರಿಸಿತು. ಸಾಧನವನ್ನು ಓರೆ ಮಾಡಿದರೆ ಅದನ್ನು ಅರಿಯುವ ಸಂವೇದಕವು ಅದರಲ್ಲಿತ್ತು. ಸಿಂಪ್ಯೂಟರನ್ನು ಖಗೋಳ ವೀಕ್ಷಣೆಗಾಗಿ ರೂಪಿಸಿರಲಿಲ್ಲ. ಅದರ ತಯಾರಿಕೆಯೂ ಈಗ ಇಲ್ಲ. ಆದರೆ ಅದೇ ಬಗೆಯ ಸಂವೇದಕವು ಇಂದು ಬಹುತೇಕ ಎಲ್ಲ ಮೊಬೈಲುಗಳಲ್ಲಿದ್ದು, ದೂರದರ್ಶಕದ ಓರೆಯನ್ನು ಅಳೆಯಲು ನೆರವಾಗುತ್ತದೆ.

3. ಕಾರ್ಯತತ್ತ್ವ

ಭೂಮಿಯ ಮೇಲಿನ ಸ್ಥಳಕ್ಕೆ ಅಕ್ಷಾಂಶ, ರೇಖಾಂಶಗಳಿರುವಂತೆ ಪ್ರತಿಯೊಂದು ನಕ್ಷತ್ರಕ್ಕೂ ಆಕಾಶದಲ್ಲಿ ನಿಗದಿತ ಸ್ಥಾನಾಂಕಗಳಿವೆ. ಭೂಮಿಯು ತಿರುಗುವುದರಿಂದ ಅದೇ ನಕ್ಷತ್ರವು ನಮ್ಮ ಮಹಡಿಯಿಂದ ಗಳಿಗೆ ಗಳಿಗೆಗೂ ಬೇರೆ ದಿಕ್ಕಿನಲ್ಲಿ, ಬೇರೆ ಎತ್ತರದಲ್ಲಿ ಕಾಣುತ್ತದೆ. ದಿನಾಂಕ, ವೇಳೆ ಮತ್ತು ಸ್ಥಳವನ್ನು ಪಡೆದು ಗಣಕವು ಈ ಕೆಳಗಿನ ಎರಡು ಅಂಕಿಗಳನ್ನು ನೀಡುತ್ತದೆ.

(ಅ) ಉನ್ನತಿ: ದಿಗಂತದಿಂದ ಮೇಲಕ್ಕೆ ಎಷ್ಟು ಡಿಗ್ರಿ.
(ಆ) ದಿಗಂಶ: ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದಾಗ ಎಷ್ಟು ಡಿಗ್ರಿ. ನೇರ ದಕ್ಷಿಣವೆಂದರೆ 180 ಡಿಗ್ರಿ.

4. ಅಗತ್ಯ ವಿವರಗಳು

(ಅ) ಸ್ಥಳ: ರಿಚರ್ಡ್ಸ್ ಟೌನ್ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ, 77 ಡಿಗ್ರಿ 37 ಕಲೆ ಪೂರ್ವ ರೇಖಾಂಶದಲ್ಲಿದೆ. (ಒಂದು ಡಿಗ್ರಿಗೆ 60 ಕಲೆಗಳು.) ಪಕ್ಕದ ಬಡಾವಣೆಗಳಿಗೂ ಇದೇ ಅಂಕಿ ಸಾಕು.

(ಆ) ವೇಳೆ: ಭಾರತೀಯ ಪ್ರಮಾಣ ವೇಳೆಯು ಗ್ರೀನಿಚ್ ವೇಳೆಗಿಂತ 5 ಗಂಟೆ 30 ನಿಮಿಷ ಮುಂದಿದೆ. ವೇಳೆಯಲ್ಲಿ 1 ನಿಮಿಷ ವ್ಯತ್ಯಾಸವಾದರೆ ಆಕಾಶದಲ್ಲಿ 15 ಕಲೆಗಳವರೆಗೆ, ಅಂದರೆ ಹುಣ್ಣಿಮೆಯ ಚಂದ್ರನ ಅಗಲದ ಅರ್ಧದಷ್ಟು, ದೋಷ ಉಂಟಾಗುತ್ತದೆ.

(ಇ) ಐಪೀಸ್: 1200 ಮಿ.ಮೀ. ನಾಭಿದೂರದ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು ವರ್ಧನೆಯಾಗಿ, ಸುಮಾರು 1 ಡಿಗ್ರಿ ಅಗಲದ ಆಕಾಶ ಕಾಣುತ್ತದೆ. ಆದ್ದರಿಂದ ಒಟ್ಟು ದೋಷವು ಅರ್ಧ ಡಿಗ್ರಿಯನ್ನು ಮೀರಬಾರದು. ಹುಡುಕುವ ಹಂತದಲ್ಲಿ ಕಡಿಮೆ ವರ್ಧನೆಯ ಐಪೀಸನ್ನೇ ಬಳಸುವುದು ಸೂಕ್ತ.

(ಈ) ನಕ್ಷತ್ರಗಳ ಪರಿಚಯ: ಪಂಚಾಂಗದ ಮೂಲಕ ನಮಗೆ ಪರಿಚಿತವಾದ ಹೆಸರುಗಳೇ ಇಲ್ಲಿ ಉಪಯೋಗಕ್ಕೆ ಬರುತ್ತವೆ. ತಂತ್ರಾಂಶದ ಪಟ್ಟಿಯಲ್ಲಿ ರೋಹಿಣಿಗೆ ಆಲ್ಡೆಬರಾನ್, ಮಖೆಗೆ ರೆಗ್ಯುಲಸ್, ಚಿತ್ತೆಗೆ ಸ್ಪೈಕಾ, ಸ್ವಾತಿಗೆ ಆರ್ಕ್ಟ್ಯುರಸ್, ಜ್ಯೇಷ್ಠಕ್ಕೆ ಆಂಟಾರೆಸ್, ಶ್ರವಣಕ್ಕೆ ಆಲ್ಟೇರ್ ಎಂಬ ಹೆಸರಿರುತ್ತದೆ. ಲುಬ್ಧಕವು ಸಿರಿಯಸ್, ಅಗಸ್ತ್ಯವು ಕನೋಪಸ್. ಇವೆಲ್ಲವೂ ಮೋಡವಿಲ್ಲದ ರಾತ್ರಿಗಳಲ್ಲಿ ನಗರದ ಬೆಳಕಿನಲ್ಲಿಯೂ ಕಾಣುವಂಥವು.

5. ಮೂರು ವಿಧಾನಗಳು

ಮೊದಲನೆಯ ವಿಧಾನ: ಓರೆಮಾಪಕ. ಮೊಬೈಲನ್ನು ದೂರದರ್ಶಕದ ಕೊಳವೆಯ ಮೇಲೆ ಉದ್ದಕ್ಕೆ ಭದ್ರವಾಗಿ ಕಟ್ಟಿ, ಓರೆ ತೋರಿಸುವ ತಂತ್ರಾಂಶದಿಂದ ಉನ್ನತಿಯನ್ನು ಓದುವುದು. ಹೆಚ್ಚಿನ ವೆಚ್ಚವಿಲ್ಲ. ಮೊಬೈಲಿನ ದಿಕ್ಸೂಚಿಯನ್ನು ಮಾತ್ರ ಈ ಕೆಲಸಕ್ಕೆ ನಂಬತಕ್ಕದ್ದಲ್ಲ. ಮಹಡಿಯ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡು, ಮೊಬೈಲ್ ಕವಚದ ಅಯಸ್ಕಾಂತ ಇವುಗಳಿಂದ ದಿಕ್ಸೂಚಿಯು ಹಲವು ಡಿಗ್ರಿಗಳಷ್ಟು ತಪ್ಪುವ ಸಂಭವವಿದೆ.

ಎರಡನೆಯ ವಿಧಾನ: ಎನ್‌ಕೋಡರ್. ಎರಡೂ ಅಕ್ಷಗಳಿಗೆ ಎನ್‌ಕೋಡರ್ ಅಳವಡಿಸಿ, ಬ್ಲೂಟೂತ್ ಅಥವಾ ವೈಫೈ ಮೂಲಕ ಮೊಬೈಲಿಗೆ ಸಂಪರ್ಕ ಕಲ್ಪಿಸುವುದು. ಒಂದು ಸುತ್ತನ್ನು 8192 ಭಾಗ ಮಾಡುವ ಎನ್‌ಕೋಡರ್ ಸುಮಾರು 2.6 ಕಲೆಗಳಷ್ಟು ಸೂಕ್ಷ್ಮ ತಿರುವನ್ನು ಗುರುತಿಸುತ್ತದೆ. ಮೂರು ವಿಧಾನಗಳಲ್ಲಿ ಆಕಾಶದ ಎಲ್ಲ ಭಾಗಗಳಿಗೂ ಹಳೆಯ ಕಾಲದಿಂದ ಪರೀಕ್ಷಿತವಾದುದು ಇದೇ.

ಮೂರನೆಯ ವಿಧಾನ: ಛಾಯಾಚಿತ್ರ. ದೂರದರ್ಶಕಕ್ಕೆ ಜೋಡಿಸಿದ ಮೊಬೈಲಿನ ಕ್ಯಾಮೆರಾ ಆಕಾಶದ ಚಿತ್ರ ತೆಗೆದು, ಅದರಲ್ಲಿರುವ ನಕ್ಷತ್ರಗಳ ವಿನ್ಯಾಸವನ್ನು ತನ್ನಲ್ಲಿರುವ ನಕ್ಷೆಯೊಡನೆ ಹೋಲಿಸಿ ದಿಕ್ಕನ್ನು ತಿಳಿಸುತ್ತದೆ. ದಿಕ್ಸೂಚಿಯ ದೋಷ ಇದಕ್ಕೆ ತಟ್ಟದು. ಆದರೆ ಚಿತ್ರದಲ್ಲಿ ಸಾಕಷ್ಟು ನಕ್ಷತ್ರಗಳು ಮೂಡಬೇಕಾದುದರಿಂದ ಮೋಡ ಮತ್ತು ಹತ್ತಿರದ ಬೀದಿದೀಪ ಅಡ್ಡಿಯಾಗುತ್ತವೆ.

6. ಎರಡು ನಕ್ಷತ್ರಗಳ ಹೊಂದಾಣಿಕೆ (ಎನ್‌ಕೋಡರ್ ವಿಧಾನಕ್ಕೆ)

ಹಂತ 1: ಮೊದಲನೆಯ ನಕ್ಷತ್ರವನ್ನು ಐಪೀಸಿನ ನಡುವಿಗೆ ತಂದು, ಪಟ್ಟಿಯಿಂದ ಅದರ ಹೆಸರನ್ನು ಆಯ್ಕೆ ಮಾಡಿ ದೃಢೀಕರಿಸುವುದು.
ಹಂತ 2: ಎರಡನೆಯ ನಕ್ಷತ್ರಕ್ಕೂ ಇದೇ ಕ್ರಮ ಅನುಸರಿಸುವುದು.
ಹಂತ 3: ತಂತ್ರಾಂಶವು ಎರಡು ನಕ್ಷತ್ರಗಳ ನಡುವಿನ ನಿಜವಾದ ಕೋನವನ್ನೂ ಎನ್‌ಕೋಡರ್ ಅಳೆದ ಕೋನವನ್ನೂ ಹೋಲಿಸಿ ವ್ಯತ್ಯಾಸ ತೋರಿಸಿದರೆ ಅದನ್ನು ಗಮನಿಸುವುದು. ಉದಾಹರಣೆಗೆ ಮಖೆ ಮತ್ತು ಚಿತ್ತೆಗಳ ಅಂತರ ಸುಮಾರು 54 ಡಿಗ್ರಿ. ವ್ಯತ್ಯಾಸ ಅರ್ಧ ಡಿಗ್ರಿಗಿಂತ ಹೆಚ್ಚಿದ್ದರೆ ನಕ್ಷತ್ರವನ್ನು ತಪ್ಪಾಗಿ ಗುರುತಿಸಿರುವ ಅಥವಾ ಎನ್‌ಕೋಡರ್ ಜಾರುತ್ತಿರುವ ಸಾಧ್ಯತೆಯಿದ್ದು, ಪುನಃ ಆರಂಭಿಸತಕ್ಕದ್ದು.
ಹಂತ 4: ಬೇಕಾದ ಕಾಯವನ್ನು ಆಯ್ಕೆ ಮಾಡಿ, ಪರದೆಯ ಎರಡೂ ಅಂಕಿಗಳು ಸೊನ್ನೆಯಾಗುವವರೆಗೆ ದೂರದರ್ಶಕವನ್ನು ನಿಧಾನವಾಗಿ ತಿರುಗಿಸುವುದು.

ನಕ್ಷತ್ರಗಳ ಅಂತರವು 30ರಿಂದ 90 ಡಿಗ್ರಿಯೊಳಗಿರುವುದು ಒಳ್ಳೆಯದು. ಒಂದಕ್ಕೊಂದು ತೀರ ಹತ್ತಿರದ, ನೇರ ಎದುರು ದಿಕ್ಕಿನ ಅಥವಾ ನೆತ್ತಿಯ ಸಮೀಪದ ನಕ್ಷತ್ರಗಳನ್ನು ಆರಿಸಬಾರದು. ಗ್ರಹವನ್ನು ನಕ್ಷತ್ರವೆಂದು ಭಾವಿಸಿ ಹೊಂದಿಸುವುದು ಸಾಮಾನ್ಯವಾಗಿ ಆಗುವ ತಪ್ಪು.

7. ಉದಾಹರಣೆ: ಒಮೆಗಾ ಸೆಂಟಾರಿ

ಆಕಾಶದಲ್ಲಿ ಅತಿ ಪ್ರಕಾಶಮಾನವಾದ ಗೋಳಾಕಾರದ ನಕ್ಷತ್ರಗುಚ್ಛವೆಂದರೆ ಒಮೆಗಾ ಸೆಂಟಾರಿ. 1677ರಲ್ಲಿ ಎಡ್ಮಂಡ್ ಹ್ಯಾಲಿ ಅವರು ಸೇಂಟ್ ಹೆಲೆನಾ ದ್ವೀಪದಿಂದ ಇದನ್ನು ಗಮನಿಸಿದ್ದರು. ಲಂಡನ್ನಿನಲ್ಲಿ ಇದು ಎಂದಿಗೂ ಉದಯಿಸುವುದಿಲ್ಲ. ಬೆಂಗಳೂರಿನಲ್ಲಿ ದಕ್ಷಿಣ ದಿಗಂತದಿಂದ ಸುಮಾರು 29.4 ಡಿಗ್ರಿ ಮೇಲೇರುತ್ತದೆ. ಆದರೂ ನಗರದ ಬೆಳಕಿನಲ್ಲಿ ಇದು ಬರಿಗಣ್ಣಿಗೆ ಕಾಣದಿರುವುದರಿಂದ ಅನೇಕರಿಗೆ ಇದರ ಇರವೇ ತಿಳಿದಿಲ್ಲ.

ಚಿತ್ತಾ ನಕ್ಷತ್ರ ಮತ್ತು ಈ ಗುಚ್ಛ ಎರಡೂ ಕೇವಲ 2 ನಿಮಿಷದೊಳಗಿನ ಅಂತರದಲ್ಲಿ ನೇರ ದಕ್ಷಿಣಕ್ಕೆ ಬರುತ್ತವೆ. ಆದ್ದರಿಂದ ಎನ್‌ಕೋಡರ್ ಇಲ್ಲದವರೂ ಓರೆಮಾಪಕ ಮಾತ್ರದಿಂದ ಇದನ್ನು ನೋಡಬಹುದು.

(1) ಪೀಠವನ್ನು ಸಮತಟ್ಟಾಗಿ ಇಡುವುದು. ಇದನ್ನೂ ಮೊಬೈಲಿನಿಂದಲೇ ಪರೀಕ್ಷಿಸಬಹುದು.
(2) ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಮುಂದುವರಿಸಿದರೆ ಮೊದಲು ಸ್ವಾತಿ, ನಂತರ ಚಿತ್ತೆ ದೊರೆಯುತ್ತವೆ.
(3) ತಂತ್ರಾಂಶದಲ್ಲಿ ಚಿತ್ತೆಯ ದಿಗಂಶ 180 ಡಿಗ್ರಿ ಆಗುವ ವೇಳೆಯನ್ನು ನೋಡಿಕೊಳ್ಳುವುದು. ಇದು ಲೆಕ್ಕದ ಅಂಕಿಯಾದುದರಿಂದ ದಿಕ್ಸೂಚಿಯ ಅಗತ್ಯವಿಲ್ಲ. ಮೇ ತಿಂಗಳ ಮಧ್ಯದಲ್ಲಿ ಇದು ರಾತ್ರಿ ಹತ್ತೂಕಾಲರ ಸುಮಾರಿಗೆ ಆಗುತ್ತದೆ. ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗುತ್ತಾ ಹೋಗುತ್ತದೆ.
(4) ಆ ವೇಳೆಗೆ ಚಿತ್ತೆಯನ್ನು ಐಪೀಸಿನ ನಡುವಿಗೆ ತಂದು ಓರೆಮಾಪಕದ ಅಂಕಿಯನ್ನು ಬರೆದುಕೊಳ್ಳುವುದು. ಅದು 65.7 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಬೇರೆ ಅಂಕಿ ಬಂದರೂ ಚಿಂತಿಸಬೇಕಿಲ್ಲ, ವ್ಯತ್ಯಾಸವೇ ಮುಖ್ಯ.
(5) ಅಕ್ಕಪಕ್ಕಕ್ಕೆ ಅಲುಗಿಸದೆ ಕೊಳವೆಯನ್ನು ಸರಿಯಾಗಿ 36.3 ಡಿಗ್ರಿ ಕೆಳಗಿಳಿಸುವುದು. ಐಪೀಸಿನಲ್ಲಿ ಮಂಜಿನ ಉಂಡೆಯಂತಹ ದುಂಡನೆಯ ಬೆಳಕು ಕಾಣುವುದು. ಕಾಣದಿದ್ದರೆ ಅರ್ಧ ಡಿಗ್ರಿಯಷ್ಟು ಎಡಬಲಕ್ಕೆ ಹುಡುಕುವುದು.

ದಕ್ಷಿಣದಲ್ಲಿ 10 ಮೀಟರ್ ದೂರದ ಕಟ್ಟಡವು ದೂರದರ್ಶಕದ ಮಟ್ಟಕ್ಕಿಂತ 5.6 ಮೀಟರಿಗೂ ಹೆಚ್ಚು ಎತ್ತರವಿದ್ದರೆ ಈ ಗುಚ್ಛವು ಮರೆಯಾಗುತ್ತದೆ. ಆದ್ದರಿಂದ ಮಹಡಿಯ ಮೇಲೆ ಜಾಗವನ್ನು ಹಗಲಿನಲ್ಲಿಯೇ ನೋಡಿಟ್ಟುಕೊಳ್ಳುವುದು ಉತ್ತಮ.

8. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಹಳೆಯ ನಕ್ಷತ್ರಪಟದ ಅಂಕಿಗಳನ್ನು ಬಳಸಬಹುದೇ?
ಉತ್ತರ: ಅಯನಚಲನೆಯಿಂದ ನಕ್ಷತ್ರಗಳ ಸ್ಥಾನಾಂಕವು ವರ್ಷಕ್ಕೆ ಸುಮಾರು 50 ವಿಕಲೆಯಂತೆ ಬದಲಾಗುತ್ತದೆ. (60 ವಿಕಲೆಗೆ ಒಂದು ಕಲೆ.) 1950ರ ಪಟದ ಅಂಕಿಗೂ ಇಂದಿನ ಅಂಕಿಗೂ ಒಂದು ಡಿಗ್ರಿಗಿಂತ ಹೆಚ್ಚು ಅಂತರ ಬರಬಹುದು. ಎರಡನ್ನೂ ಬೆರೆಸಬಾರದು.

ಪ್ರಶ್ನೆ: ಪರದೆ ಸೊನ್ನೆ ತೋರಿಸಿದರೂ ಏನೂ ಕಾಣದಿದ್ದರೆ?
ಉತ್ತರ: ಹತ್ತಿರದ ಪ್ರಕಾಶಮಾನ ನಕ್ಷತ್ರವೊಂದನ್ನು ಆಯ್ಕೆ ಮಾಡಿ ಪರೀಕ್ಷಿಸುವುದು. ಅದು ಐಪೀಸಿನಲ್ಲಿ ಕಂಡರೆ ಹೊಂದಾಣಿಕೆ ಸರಿಯಿದೆ ಎಂದರ್ಥ; ಬೇಕಾದ ಕಾಯವು ನಗರದ ಬೆಳಕಿನಲ್ಲಿ ಮುಳುಗಿದೆ. ಗಣಕವು ದಿಕ್ಕನ್ನು ತೋರಿಸಬಲ್ಲುದೇ ಹೊರತು ಆಕಾಶವನ್ನು ಕತ್ತಲಾಗಿಸಲಾರದು. ನಕ್ಷತ್ರಗುಚ್ಛ ಮತ್ತು ಜೋಡಿ ನಕ್ಷತ್ರಗಳು ನಗರಕ್ಕೆ ತಕ್ಕವು. ಮಸುಕಾದ ಗೆಲಾಕ್ಸಿಗಳಿಗೆ ಊರ ಹೊರಗೆ ಹೋಗಬೇಕು.

ಪ್ರಶ್ನೆ: ನಕ್ಷತ್ರಗಳ ಪರಿಚಯವೇ ಇಲ್ಲದವರು ಏನು ಮಾಡಬೇಕು?
ಉತ್ತರ: ದೂರದರ್ಶಕ ಕೊಳ್ಳುವ ಮೊದಲೇ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. 1989ರಲ್ಲಿ ಆರಂಭವಾದ, ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರು ತಾರಾಲಯದ ಪ್ರದರ್ಶನಗಳು ಇದಕ್ಕೆ ಸಹಾಯಕ. ತಿಂಗಳಿಗೆ ಎರಡು ನಕ್ಷತ್ರಗಳಂತೆ ಕಲಿತರೂ ವರ್ಷದಲ್ಲಿ ಇಡೀ ಆಕಾಶಕ್ಕೆ ಸಾಲುವಷ್ಟಾಗುತ್ತದೆ.

9. ಎಚ್ಚರಿಕೆಗಳು

(ಅ) ಸೂಕ್ತ ಶೋಧಕವಿಲ್ಲದೆ ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಲೇಬಾರದು. ಕ್ಷಣಮಾತ್ರದಲ್ಲಿ ದೃಷ್ಟಿ ಶಾಶ್ವತವಾಗಿ ನಷ್ಟವಾಗಬಹುದು. ಹಗಲಿನಲ್ಲಿ ಉಪಕರಣವನ್ನು ಮಕ್ಕಳ ಕೈಗೆ ಸಿಗುವಂತೆ ಬಿಡಬಾರದು.
(ಆ) ದಿಕ್ಕು ತೋರಿಸಲು ಲೇಸರ್ ಬಳಸುವವರು ವಿಮಾನಗಳತ್ತ ಅದನ್ನು ಹಾಯಿಸಬಾರದು.
(ಇ) ಮೊಬೈಲಿನ ಪರದೆಯನ್ನು ಕೆಂಪು ಬಣ್ಣಕ್ಕೆ ಬದಲಿಸಿ ಬೆಳಕನ್ನು ಕನಿಷ್ಠಕ್ಕೆ ಇಳಿಸುವುದು. ಬಿಳಿ ಬೆಳಕು ನೋಡಿದ ಕಣ್ಣು ಕತ್ತಲಿಗೆ ಮತ್ತೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕಾಗುತ್ತದೆ.
(ಈ) ಮನೆಗಳು ಒತ್ತಾಗಿರುವ ಬಡಾವಣೆಗಳಲ್ಲಿ ರಾತ್ರಿ ಮಹಡಿಯ ಮೇಲೆ ದೂರದರ್ಶಕ ಇಡುವವರು ನೆರೆಹೊರೆಯವರಿಗೆ ಮೊದಲೇ ತಿಳಿಸುವುದು, ಸಾಧ್ಯವಾದರೆ ಅವರನ್ನೂ ಕರೆದು ತೋರಿಸುವುದು ಸೂಕ್ತ. ಕೊಳವೆಯನ್ನು ಯಾರ ಕಿಟಕಿಯತ್ತಲೂ ತಿರುಗಿಸಬಾರದು.

10. ಸಾರಾಂಶ

ಸರಿಯಾದ ವೇಳೆ, ಸಮತಟ್ಟಾದ ಪೀಠ, ಖಚಿತವಾಗಿ ಗುರುತಿಸಿದ ಎರಡು ನಕ್ಷತ್ರಗಳು ಮತ್ತು ಕಡಿಮೆ ವರ್ಧನೆಯ ಐಪೀಸ್ ಇಷ್ಟಿದ್ದಲ್ಲಿ ಸಾಧಾರಣ ದೂರದರ್ಶಕವೂ ನಗರದ ಮಹಡಿಯಿಂದ ಉಪಯೋಗಕ್ಕೆ ಬರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಮೋಡ ಕವಿದಿರುವುದರಿಂದ, ಮೊದಲ ಬಾರಿಗೆ ಪ್ರಯತ್ನಿಸುವವರು ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ರಾತ್ರಿಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಈಗಾಗಲೇ ದೂರದರ್ಶಕ ಹೊಂದಿರುವವರು ಹೊಸ ಉಪಕರಣಕ್ಕೆ ಹಣ ವ್ಯಯಿಸುವ ಮುನ್ನ ಕಲಂ 5ರ ಮೊದಲನೆಯ ವಿಧಾನವನ್ನು ಒಮ್ಮೆ ಪರೀಕ್ಷಿಸಿ ನೋಡಬಹುದಾಗಿದೆ.