ಒತ್ತಡದ ಹಾರ್ಮೋನು, ಹದಿಹರೆಯದ ಖಿನ್ನತೆ: ಯಾವ ಮಗುವಿಗೆ ಯಾವ ಚಿಕಿತ್ಸೆ?

ಖಿನ್ನತೆಯಿಂದ ಬಳಲುವ ಹದಿನೈದರ ಹುಡುಗಿಗೆ ವೈದ್ಯರು ಮಾತ್ರೆ ಬರೆದುಕೊಡುತ್ತಾರೆ. ಅದು ಅವಳಿಗೆ ಹಿಡಿಯುತ್ತದೆಯೇ ಎಂದು ಆ ದಿನ ಅವರು ಹೇಳಲಾರರು. ತಿಳಿಯಲು ಕೆಲವು ವಾರ ಕಾಯಬೇಕು. ಪರೀಕ್ಷೆ ಎದುರಿಗಿರುವ, ಬದುಕೇ ಬೇಡವೆನಿಸಿರುವ ಮಗುವಿಗೆ ಆ ವಾರಗಳು ಬಹಳ ದೀರ್ಘ. ದೇಹ ಒತ್ತಡಕ್ಕೆ ಸ್ಪಂದಿಸುವ ಬಗೆಯಲ್ಲಿ ಚಿಕಿತ್ಸೆಯ ಫಲದ ಮುನ್ಸೂಚನೆ ಸಿಗಬಹುದೇ? ಈ ಹುಡುಕಾಟ ಹಲವು ದಶಕಗಳಿಂದ ನಡೆದಿದೆ.

ಇದರ ಬೇರು 1936ರಲ್ಲಿದೆ. ಚಳಿ, ಗಾಯ, ವಿಷ ಯಾವುದೇ ಇರಲಿ, ಇಲಿಗಳ ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ, ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತದೆ ಎಂದು ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ ಆ ವರ್ಷ ತೋರಿಸಿದರು. ಮಿದುಳಿನ ಹೈಪೋಥಾಲಮಸ್ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ, ಪಿಟ್ಯುಟರಿ ಅಡ್ರಿನಲ್ ಅನ್ನು, ಅಡ್ರಿನಲ್ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಸುರಿಸುತ್ತದೆ ಎಂಬುದು ಮುಂದೆ ಸ್ಪಷ್ಟವಾಯಿತು. ಕಾರ್ಟಿಸೋಲ್ ಸಾಕಷ್ಟಾದಾಗ ಅದೇ ಮಿದುಳಿಗೆ ಸುದ್ದಿ ಮುಟ್ಟಿಸಿ ಈ ಸರಣಿಯನ್ನು ತಡೆಯಬೇಕು. ಖಿನ್ನತೆ ಇರುವ ಹಲವರಲ್ಲಿ ಈ ತಡೆ ಸಡಿಲವಾಗಿರುತ್ತದೆ.

1960ರ ದಶಕದ ಕೊನೆಯಿಂದ ಮನೋವೈದ್ಯ ಬರ್ನಾರ್ಡ್ ಕ್ಯಾರೊಲ್ ಇದನ್ನೇ ಪರೀಕ್ಷೆಯಾಗಿಸಿದರು. ರಾತ್ರಿ ಕಾರ್ಟಿಸೋಲ್ ಹಾಗೆಯೇ ಮಿದುಳಿಗೆ ತಡೆಯ ಸುದ್ದಿ ಮುಟ್ಟಿಸುವ ಡೆಕ್ಸಾಮೆಥಾಸೋನ್ ಔಷಧ ಕೊಟ್ಟು ಮರುದಿನ ರಕ್ತ ನೋಡುವುದು. ಕಾರ್ಟಿಸೋಲ್ ಇಳಿದಿರದಿದ್ದರೆ ತಡೆ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ಖಿನ್ನತೆಗೂ ರಕ್ತಪರೀಕ್ಷೆ ಬಂತೆಂಬ ಉತ್ಸಾಹ 1980ರ ದಶಕದಲ್ಲಿ ಜೋರಾಗಿತ್ತು. ಆದರೆ ತೂಕ ಇಳಿದವರಲ್ಲಿ, ಬೇರೆ ಕಾಯಿಲೆಯವರಲ್ಲಿಯೂ ಅದೇ ಫಲಿತಾಂಶ ಬಂತು. ಖಿನ್ನತೆ ಇರುವ ಮಕ್ಕಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯಲ್ಲಿ ವ್ಯತ್ಯಾಸವೇನೋ ಕಂಡಿತು. ಒಂದು ಮಗುವಿನ ರೋಗನಿರ್ಣಯಕ್ಕೆ ಅದು ಸಾಲದು.

ಮಾತ್ರೆಗಳ ಕಥೆ ಬೇರೆ ದಾರಿಯಲ್ಲಿ ಸಾಗಿತ್ತು. ದೊಡ್ಡವರಿಗೆ ಫಲ ಕೊಟ್ಟ ಟ್ರೈಸೈಕ್ಲಿಕ್ ಔಷಧಗಳು ಮಕ್ಕಳಲ್ಲಿ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. 1997ರಲ್ಲಿ ಗ್ರಹಾಮ್ ಎಮ್ಸ್ಲಿ ತಂಡ ಮಕ್ಕಳಲ್ಲಿ ಬೇರೆ ಬಗೆಯ ಮಾತ್ರೆಯಾದ ಫ್ಲುಆಕ್ಸೆಟಿನ್‌ನ ಉಪಯೋಗವನ್ನು ತೋರಿಸಿತು. ಅಮೆರಿಕದಲ್ಲಿ 439 ಹದಿಹರೆಯದವರ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಟ್ಯಾಡ್ಸ್ ಅಧ್ಯಯನದಲ್ಲಿ 12 ವಾರಗಳ ಬಳಿಕ ಮಾತ್ರೆ ಮತ್ತು ಸಿಬಿಟಿ ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇ 71, ಮಾತ್ರೆಯೊಂದನ್ನೇ ಪಡೆದವರಲ್ಲಿ ಶೇ 61, ಹುಸಿಮಾತ್ರೆ ಪಡೆದವರಲ್ಲಿ ಶೇ 35 ಮಂದಿ ಚೇತರಿಕೆ ಕಂಡರು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು: ಇಂಥ ಮಾತ್ರೆ ಸೇವಿಸುವ ಎಳೆಯರಲ್ಲಿ ಆತ್ಮಹತ್ಯೆಯ ಆಲೋಚನೆ ಅಥವಾ ವರ್ತನೆಯ ಪ್ರಮಾಣ ಶೇ 4, ಹುಸಿಮಾತ್ರೆಯವರಲ್ಲಿ ಶೇ 2. ಯಾರಿಗೆ ಫಲ, ಯಾರಿಗೆ ಅಪಾಯ ಎಂದು ಮೊದಲೇ ತಿಳಿಯುವ ಅಗತ್ಯ ಇನ್ನಷ್ಟು ತುರ್ತಾಯಿತು.

ಒತ್ತಡವನ್ನು ಅಳೆಯುವ ಬಗೆಯೂ ಅಷ್ಟರಲ್ಲಿ ಬದಲಾಗಿತ್ತು. ಜರ್ಮನಿಯ ಟ್ರಿಯರ್‌ನಲ್ಲಿ 1993ರಲ್ಲಿ ರೂಪುಗೊಂಡ ಪರೀಕ್ಷೆಯಲ್ಲಿ ವ್ಯಕ್ತಿ ಅಪರಿಚಿತರ ಮುಂದೆ ನಿಂತು ಐದು ನಿಮಿಷ ಭಾಷಣ ಮಾಡಬೇಕು. ಎದುರಿಗಿರುವವರು ನಗುವುದಿಲ್ಲ, ತಲೆದೂಗುವುದಿಲ್ಲ. ಬಳಿಕ 1022ರಿಂದ ಹದಿಮೂರು ಹದಿಮೂರಾಗಿ ಕಳೆಯುತ್ತ ಹೋಗಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ನಡುನಡುವೆ ತೆಗೆದ ಜೊಲ್ಲಿನ ಮಾದರಿಗಳು ಕಾರ್ಟಿಸೋಲ್ ಎಷ್ಟು ಏರಿತು, ಎಷ್ಟು ಬೇಗ ಇಳಿಯಿತು ಎಂಬುದನ್ನು ಹೇಳುತ್ತವೆ. ಸೂಜಿ ಬೇಡವಾದ್ದರಿಂದ ಮಕ್ಕಳ ಅಧ್ಯಯನ ಸುಲಭವಾಯಿತು. ಕೇಂಬ್ರಿಜ್ ಸಂಶೋಧಕರು 2014ರಲ್ಲಿ ಇನ್ನೊಂದು ಸುಳಿವು ಕೊಟ್ಟರು: ಖಿನ್ನತೆಯ ಲಕ್ಷಣಗಳ ಜೊತೆಗೆ ಬೆಳಗಿನ ಕಾರ್ಟಿಸೋಲ್ ಕೂಡ ಹೆಚ್ಚಿದ್ದ ಹುಡುಗರಲ್ಲಿ, ಎರಡೂ ಕಡಿಮೆಯಿದ್ದವರಿಗಿಂತ ತೀವ್ರ ಖಿನ್ನತೆಯ ಸಾಧ್ಯತೆ ಸುಮಾರು 14 ಪಟ್ಟು. ಹುಡುಗಿಯರಲ್ಲಿ ಈ ಅಂತರ ಅಷ್ಟು ದೊಡ್ಡದಾಗಿರಲಿಲ್ಲ.

ಇಷ್ಟಾದರೂ ಒಂದು ಸಂಖ್ಯೆ ನೋಡಿ ಚಿಕಿತ್ಸೆ ಆರಿಸುವ ಸ್ಥಿತಿಗೆ ನಾವು ಬಂದಿಲ್ಲ. ಕಾರ್ಟಿಸೋಲ್ ಗಂಟೆ ಗಂಟೆಗೆ ಬದಲಾಗುತ್ತದೆ. ನಿದ್ದೆ, ಪ್ರೌಢತೆಯ ಹಂತ, ಲಿಂಗ ಎಲ್ಲವೂ ಅದರ ಮೇಲೆ ಪ್ರಭಾವ ಬೀರುತ್ತವೆ. ಬಾಲ್ಯದಲ್ಲಿ ಹಿಂಸೆ ಉಂಡವರಲ್ಲಿ ಕೆಲವರ ಪ್ರತಿಕ್ರಿಯೆ ಉಕ್ಕುತ್ತದೆ, ಕೆಲವರದು ಮಂಕಾಗುತ್ತದೆ. ಹಿಂಸೆಯ ಅನುಭವ ಚಿಕಿತ್ಸೆಯ ಫಲವನ್ನೂ ಬದಲಿಸಬಹುದು: ಮೊದಲ ಮಾತ್ರೆ ಫಲಿಸದ 334 ಹದಿಹರೆಯದವರನ್ನು ಒಳಗೊಂಡ ಟಾರ್ಡಿಯಾ ಅಧ್ಯಯನದಲ್ಲಿ ಹೊಸ ಮಾತ್ರೆಯ ಜೊತೆಗೆ ಸಿಬಿಟಿ ಸೇರಿಸಿದ್ದು ಒಟ್ಟಾರೆ ಹೆಚ್ಚು ಉಪಕಾರಿಯಾಯಿತು. ದೈಹಿಕ ಹಿಂಸೆಗೆ ಒಳಗಾಗಿದ್ದ ಮಕ್ಕಳಲ್ಲಿ ಮಾತ್ರ ಆ ಲಾಭ ಕಾಣಲಿಲ್ಲ. ಈ ಕ್ಷೇತ್ರ ಕಲಿಸಿದ ಅತಿ ಮುಖ್ಯ ಪಾಠ ನನ್ನ ಪಾಲಿಗೆ ಇದೇ: ಮಗುವಿನ ಹಾರ್ಮೋನನ್ನು ಅದರ ಬದುಕಿನಿಂದ ಬೇರ್ಪಡಿಸಿ ಓದಲಾಗದು.

ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿದೆ. ಇವರು ಪ್ರಯೋಗಾಲಯದ ಉತ್ತರಕ್ಕಾಗಿ ಕಾಯಬೇಕಿಲ್ಲ. ಇರುವ ಚಿಕಿತ್ಸೆಗಳು ಬಹಳ ಮಕ್ಕಳನ್ನು ಮೇಲೆತ್ತಿವೆ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಮನೆಯವರು ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ವೈದ್ಯರು ಮಾತ್ರೆ ಬರೆಯುವ ಮೊದಲು ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು, ಮನೆಯಲ್ಲಿ, ಶಾಲೆಯಲ್ಲಿ ಅದಕ್ಕೆ ಏನಾಗಿದೆ ಎಂದು ಸಾವಧಾನವಾಗಿ ಕೇಳಲೇಬೇಕು. ಜೊಲ್ಲಿನ ಪರೀಕ್ಷೆ ನಾಳೆ ಬಂದರೂ ಆ ಪ್ರಶ್ನೆಗೆ ಅದು ಬದಲಿಯಾಗದು.